ಎಸ್‌ಎಸ್‌ಎಚ್ ಕಡಿದರೂ, ಸರ್ವರ್ ರೀಬೂಟ್ ಆದರೂ ಟಿಮಕ್ಸ್ ಸೆಷನ್ ಉಳಿಸಿಕೊಳ್ಳುವುದು ಹೇಗೆ?

ಘಟ್ಟದ ಮೇಲಿನವ

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆಯ ಹಳ್ಳಿಯಲ್ಲಿ ಕೂತು ಕೆಲಸ ಮಾಡುವವನು ನಾನು. ಸರ್ವರ್ ಇರುವುದು ಮುಂಬೈನ ಡೇಟಾ ಸೆಂಟರ್‌ನಲ್ಲಿ, ಉಬುಂಟು. ಮಳೆಗಾಲ ಶುರುವಾದರೆ ಇಲ್ಲಿ ಕರೆಂಟ್ ಹೋಗುವುದಕ್ಕೆ ಹೊತ್ತುಗೊತ್ತಿಲ್ಲ. ಫೈಬರ್ ರೂಟರ್ ಆಫ್ ಆಗುತ್ತದೆ, ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾಯಿಸುವಷ್ಟರಲ್ಲಿ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗುವ ಸಾಧನ) ಪರದೆ ನಿಂತುಬಿಟ್ಟಿರುತ್ತದೆ.

ಒಂದೇ ಪರದೆಯಲ್ಲಿ ಹಲವು ಶೆಲ್ (ಆಜ್ಞೆ ಕೊಡುವ ಜಾಗ) ತೆರೆದಿಡುವ ಟಿಮಕ್ಸ್ ಬಳಸುತ್ತೇನೆ, ಹಾಗಾಗಿ ಒಳಗಿನ ಕೆಲಸ ನಿಲ್ಲುವುದಿಲ್ಲ. ಆದರೆ ಕೆಲವು ವಿಷಯ ಬಗೆಹರಿದಿಲ್ಲ. ಒಂದು, ಪ್ರತಿ ಸಲ ಹೊಸದಾಗಿ ಲಾಗಿನ್ ಆಗಿ ಅಟ್ಯಾಚ್ ಮಾಡುವ (ಹಳೆಯ ಸೆಷನ್‌ಗೆ ಮತ್ತೆ ಸೇರಿಕೊಳ್ಳುವ) ಕಾಟ ತಪ್ಪಿಸಬಹುದೇ? ಎರಡು, ಗ್ರಾಹಕರೊಬ್ಬರ ಬೇರೊಂದು ಲಿನಕ್ಸ್ ಯಂತ್ರದಲ್ಲಿ ನಾನು ಲಾಗೌಟ್ ಆದ ಕೂಡಲೇ ಟಿಮಕ್ಸ್ ಕೂಡ ಸಾಯುತ್ತದೆ, ಯಾಕೆ? ಮೂರನೆಯದೇ ಮುಖ್ಯ: ಕರ್ನಲ್ ಅಪ್‌ಡೇಟ್ ಆಗಿ ಸರ್ವರ್ ರೀಬೂಟ್ ಆದರೆ ನಾನು ಜೋಡಿಸಿಟ್ಟ ವಿಂಡೋ, ಪೇನ್ (ವಿಂಡೋದೊಳಗಿನ ಭಾಗಗಳು) ಎಲ್ಲ ಹೋಗುತ್ತದೆ. ಅದನ್ನು ಶಾಶ್ವತವಾಗಿ ಉಳಿಸುವ ದಾರಿ ಇದೆಯೇ?

ಮೈಸೂರು ಸಿಸ್‌ಅಡ್ಮಿನ್

ಸರ್, ಮೊದಲು ಒಂದು ಗೆರೆ ಎಳೆದುಕೊಳ್ಳೋಣ. ಸಂಪರ್ಕ ಕಡಿಯುವುದು ಬೇರೆ, ರೀಬೂಟ್ ಆಗುವುದು ಬೇರೆ. ಎರಡಕ್ಕೂ ಒಂದೇ ಮದ್ದು ಹುಡುಕಿದರೆ ಸಿಗುವುದಿಲ್ಲ.

ಎಸ್‌ಎಸ್‌ಎಚ್ ಕಡಿದಾಗ ಆಗುವುದಿಷ್ಟು. ನಿಮ್ಮ ಶೆಲ್‌ಗೆ ಇದ್ದ ಟರ್ಮಿನಲ್ ಮಾಯವಾಗುತ್ತದೆ, ಕರ್ನಲ್ ಆ ಶೆಲ್‌ಗೆ ಹ್ಯಾಂಗಪ್ ಸಿಗ್ನಲ್ ಕಳಿಸುತ್ತದೆ, ಅದರ ಕೆಳಗೆ ಓಡುತ್ತಿದ್ದ ಪ್ರೋಗ್ರಾಮ್‌ಗಳೂ ಸಾಮಾನ್ಯವಾಗಿ ಅದರ ಜೊತೆಗೇ ಮುಗಿಯುತ್ತವೆ. ನೋಹಪ್ ಅನ್ನುವ ಹಳೆಯ ಆಜ್ಞೆಯ ಹೆಸರು ಬಂದದ್ದೇ ಈ ಸಿಗ್ನಲ್‌ನಿಂದ. ಟಿಮಕ್ಸ್ ಮಾಡುವುದೇನೆಂದರೆ, ನಿಮ್ಮ ಶೆಲ್‌ಗಳಿಗೆ ತನ್ನದೇ ಟರ್ಮಿನಲ್ ಕೊಟ್ಟು, ತಾನು ಹಿನ್ನೆಲೆಯಲ್ಲಿ ಸರ್ವರ್ ಆಗಿ ಕೂರುತ್ತದೆ. ನೀವು ನೋಡುತ್ತಿರುವುದು ಕ್ಲೈಂಟ್ ಮಾತ್ರ. ಇಬ್ಬರೂ ಮಾತಾಡುವುದು ಟೆಂಪ್ ಡೈರೆಕ್ಟರಿಯ ಒಂದು ಸಾಕೆಟ್ ಮೂಲಕ. ಕ್ಲೈಂಟ್ ಸತ್ತರೆ ಸರ್ವರ್‌ಗೆ ಏನೂ ಆಗುವುದಿಲ್ಲ. ಇದು ಹೊಸ ಉಪಾಯವಲ್ಲ, 1987ರಲ್ಲೇ ಬಂದ ಸ್ಕ್ರೀನ್ ಎಂಬ ಪ್ರೋಗ್ರಾಮ್ ಇದನ್ನೇ ಮಾಡುತ್ತಿತ್ತು. ಟಿಮಕ್ಸ್ ಬಂದದ್ದು 2007ರಲ್ಲಿ, ಎರಡು ವರ್ಷದಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನ ಮೂಲ ವ್ಯವಸ್ಥೆಗೇ ಸೇರಿಕೊಂಡಿತು.

ರೀಬೂಟ್ ಆದಾಗ ಆ ಸರ್ವರ್ ಪ್ರೋಸೆಸ್ಸೇ ಇರುವುದಿಲ್ಲ. ಮೆಮೊರಿಯಲ್ಲಿದ್ದದ್ದು ಮೆಮೊರಿಯ ಜೊತೆ ಹೋಯಿತು. ಆಮೇಲೆ ಯಾವ ಪ್ಲಗಿನ್ ಹಾಕಿದರೂ ಅದು ಸೆಷನ್ ಉಳಿಸಿದ್ದಲ್ಲ, ಅದೇ ಆಕಾರದಲ್ಲಿ ಹೊಸದೊಂದನ್ನು ಕಟ್ಟಿದ್ದು. ನಕ್ಷೆ ಇಟ್ಟುಕೊಂಡು ಗೋಡೆ ಮತ್ತೆ ಎಬ್ಬಿಸಬಹುದು, ಒಲೆಯ ಮೇಲಿದ್ದ ಅನ್ನ ವಾಪಸ್ ಬರುವುದಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ: "ಟಿಮಕ್ಸ್ ನ್ಯೂ -ಎ -ಎಸ್ ಕೆಲಸ" ಅಂತ ಕೊಡಿ (ಎ ದೊಡ್ಡಕ್ಷರ, ಎಸ್ ಸಣ್ಣಕ್ಷರ). "ಕೆಲಸ" ಹೆಸರಿನ ಸೆಷನ್ ಇದ್ದರೆ ಅದಕ್ಕೇ ಅಂಟಿಕೊಳ್ಳುತ್ತದೆ, ಇಲ್ಲದಿದ್ದರೆ ಹುಟ್ಟಿಸುತ್ತದೆ. ಇದನ್ನೇ ನಿಮ್ಮ ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ರಿಮೋಟ್‌ಕಮಾಂಡ್ ಸಾಲಿಗೆ ಹಾಕಿ, ರಿಕ್ವೆಸ್ಟ್‌ಟಿಟಿವೈ ಯೆಸ್ ಮಾಡಿ. ಒಂದು ಎಚ್ಚರ: ಈ ಸಾಲು ಇರುವ ಹೋಸ್ಟ್ ಹೆಸರಿಗೆ ಎಸ್‌ಎಸ್‌ಎಚ್ ಜೊತೆ ಬೇರೆ ಆಜ್ಞೆ ಕೊಟ್ಟರೆ ಅದು ಒಪ್ಪುವುದಿಲ್ಲ. ಆದ್ದರಿಂದ ಅದೇ ಸರ್ವರ್‌ಗೆ ಎರಡು ಅಡ್ಡಹೆಸರು ಇಟ್ಟುಕೊಳ್ಳಿ, ಒಂದು ಟಿಮಕ್ಸ್‌ಗೆ, ಇನ್ನೊಂದು ಫೈಲ್ ಕಳಿಸುವುದಕ್ಕೆ, ಗಿಟ್‌ಗೆ.

ನಿಂತುಹೋದ ಪರದೆಯಿಂದ ಹೊರಬರಲು ವಿಂಡೋ ಮುಚ್ಚಬೇಕಾಗಿಲ್ಲ. ಎಂಟರ್ ಒತ್ತಿ, ಆಮೇಲೆ ಟಿಲ್ಡ್ ಚಿಹ್ನೆ, ಆಮೇಲೆ ಚುಕ್ಕಿ. ಎಸ್‌ಎಸ್‌ಎಚ್ ಕ್ಲೈಂಟ್ ಅಲ್ಲೇ ಕಡಿದುಕೊಂಡು ಹೊರಬರುತ್ತದೆ.

ಧಾರವಾಡ ಪೇಢಾ

ಅಣ್ಣಾರ, ನೆಟ್‌ವರ್ಕ್ ಬದಲಾಗೋ ತ್ರಾಸಿಗೆ ಮೋಶ್ ಹಾಕ್ಕೋರಿ. ನಾನು ಧಾರವಾಡ–ಬೆಂಗಳೂರು ರೈಲಿನ್ಯಾಗ ಕುಂತು ಇದರ ಮ್ಯಾಲೇ ಕೆಲಸ ಮಾಡ್ತೀನಿ. ಎಂಐಟಿಯೊಳಗ ತಯಾರಾಗಿದ್ದು, 2012ರಾಗ ಬಂತು. ಎಸ್‌ಎಸ್‌ಎಚ್ ಟಿಸಿಪಿ ಮ್ಯಾಲೆ ನಡೀತೈತಿ, ಐಪಿ ವಿಳಾಸ ಬದಲಾತು ಅಂದ್ರ ಆ ಸಂಪರ್ಕ ಮುಗೀತು. ಮೋಶ್ ಲಾಗಿನ್ ಆಗೂದಷ್ಟ ಎಸ್‌ಎಸ್‌ಎಚ್‌ನಿಂದ, ಆಮ್ಯಾಲಿಂದೆಲ್ಲಾ ಯುಡಿಪಿ, ಅದಕ್ಕ ಹಿಡಿದಿಟ್ಟ ಸಂಪರ್ಕ ಬೇಕಿಲ್ಲ. ಫೈಬರ್‌ನಿಂದ ಹಾಟ್‌ಸ್ಪಾಟ್‌ಗೆ ಹೋದ್ರೂ, ಲ್ಯಾಪ್‌ಟಾಪ್ ಮುಚ್ಚಿ ಮರುದಿನ ತೆಗೆದ್ರೂ ಎಲ್ಲಿತ್ತೋ ಅಲ್ಲಿಂದ ಶುರು. ನೀವು ಒತ್ತಿದ ಅಕ್ಷರ ಸರ್ವರ್ ಉತ್ತರ ಬರೂಕಿಂತ ಮೊದಲ ಪರದೆ ಮ್ಯಾಲೆ ತೋರಸ್ತೈತಿ, ನಿಧಾನ ನೆಟ್‌ವರ್ಕಿನ್ಯಾಗ ಅದೊಂದು ದೊಡ್ಡ ಆರಾಮ.

ಸರ್ವರ್ ಫೈರ್‌ವಾಲ್‌ನ್ಯಾಗ ಯುಡಿಪಿ 60000ದಿಂದ 61000ರ ತನಕ ತೆಗೀಬೇಕು. ಕ್ಲೌಡ್ ಯಂತ್ರ ಆದ್ರ ಅಲ್ಲಿನ ಸೆಕ್ಯುರಿಟಿ ಗ್ರೂಪ್‌ನ್ಯಾಗೂ ತೆಗೀರಿ, ಭಾಳ ಮಂದಿ ಅಲ್ಲೇ ಸಿಕ್ಕಿ ಹಾಕ್ಕೋತಾರ.

ಕುಡ್ಲ ಟರ್ಮಿನಲ್

ಮೋಶ್ ಒಳ್ಳೇದೇ, ಆದರೆ ಅದರ ಮಿತಿ ಉಂಟು, ಅದನ್ನೂ ಹೇಳಬೇಕು ಅಲ್ವಾ? ಮೇಲೆ ಸ್ಕ್ರಾಲ್ ಮಾಡಿ ಹಳೆಯ ಸಾಲು ನೋಡಲಿಕ್ಕೆ ಆಗುವುದಿಲ್ಲ, ಈಗ ಪರದೆಯಲ್ಲಿ ಇರುವುದನ್ನು ಮಾತ್ರ ಅದು ಹೊಂದಿಸಿಕೊಳ್ಳುತ್ತದೆ. ಎಸ್‌ಎಸ್‌ಎಚ್ ಏಜೆಂಟ್ ಫಾರ್ವರ್ಡಿಂಗ್ (ಲ್ಯಾಪ್‌ಟಾಪಿನ ಕೀಲಿಯನ್ನು ಸರ್ವರ್‌ನಿಂದಲೂ ಬಳಸುವುದು) ಇಲ್ಲ. ದೊಡ್ಡ ತೊಂದರೆ ಯಾವುದು ಅಂದರೆ, ನಿಮ್ಮ ಲ್ಯಾಪ್‌ಟಾಪ್ ಚಾರ್ಜ್ ಮುಗಿದು ಆಫ್ ಆಯಿತು ಅಂತ ಇಟ್ಟುಕೊಳ್ಳಿ, ಆ ಮೋಶ್ ಸೆಷನ್‌ಗೆ ವಾಪಸ್ ಹೋಗುವ ದಾರಿಯೇ ಇಲ್ಲ. ಕೀಲಿ ಇದ್ದದ್ದು ಸತ್ತ ಕ್ಲೈಂಟಿನ ಹತ್ತಿರ. ಹಾಗಾಗಿ ಮೋಶ್ ಒಳಗೆ ಟಿಮಕ್ಸ್ ಇರಲೇಬೇಕು ಮಾರಾಯ್ರೆ. ಸಂಪರ್ಕ ನೋಡಿಕೊಳ್ಳುವುದು ಮೋಶ್, ಸೆಷನ್ ನೋಡಿಕೊಳ್ಳುವುದು ಟಿಮಕ್ಸ್.

ಯುಡಿಪಿ ಬಿಡದ ಕಚೇರಿ ನೆಟ್‌ವರ್ಕ್ ಆದರೆ ಎಟರ್ನಲ್ ಟರ್ಮಿನಲ್ ನೋಡಿ, ಅದು ಟಿಸಿಪಿ ಮೇಲೆಯೇ ಕಡಿದದ್ದನ್ನು ಮತ್ತೆ ಜೋಡಿಸುತ್ತದೆ, ಪೋರ್ಟ್ 2022. ಸರ್ವರ್‌ನಲ್ಲಿ ಅದರ ಡೀಮನ್ (ಹಿನ್ನೆಲೆ ಪ್ರೋಗ್ರಾಮ್) ಹಾಕಲು ಅನುಮತಿ ಬೇಕು. ಏನೂ ಹಾಕಲು ಬಿಡದ ಕಡೆ ಆಟೋಎಸ್‌ಎಸ್‌ಎಚ್ ಸಾಕು. ಸರ್ವರ್‌ಅಲೈವ್‌ಇಂಟರ್ವಲ್ 15 ಅಂತ ಇಟ್ಟರೆ, ಉತ್ತರ ಬಾರದ ಸಂಪರ್ಕವನ್ನು ಮುಕ್ಕಾಲು ನಿಮಿಷದಲ್ಲಿ ಕೈಬಿಟ್ಟು ಹೊಸದು ಹಿಡಿಯುತ್ತದೆ. ಮೂರು ಸಲ ಉತ್ತರ ಬಾರದಿದ್ದರೆ ಬಿಡಬೇಕು ಅನ್ನುವುದು ಡಿಫಾಲ್ಟ್ ಲೆಕ್ಕ.

ಮೈಸೂರು ಸಿಸ್‌ಅಡ್ಮಿನ್

ಕುಡ್ಲದವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕರೆಂಟ್ ಹೋಗಿ ನೀವು ಮಾಯವಾದದ್ದು ಸರ್ವರ್‌ಗೆ ತಕ್ಷಣ ಗೊತ್ತಾಗುವುದಿಲ್ಲ. ಹಳೆಯ ಕ್ಲೈಂಟ್ ಇನ್ನೂ ಅಂಟಿಕೊಂಡೇ ಇದೆ ಎಂದು ಟಿಮಕ್ಸ್ ನಂಬಿರುತ್ತದೆ. ಹಳೆಯ ಆವೃತ್ತಿಯಾದರೆ ಪರದೆಯ ಅರ್ಧಕ್ಕೆ ಚುಕ್ಕಿ ತುಂಬಿ ಸಣ್ಣದಾಗಿ ಕಾಣುವುದಕ್ಕೆ ಇದೇ ಕಾರಣ. ಅಟ್ಯಾಚ್ ಮಾಡುವಾಗ -ಡಿ ಸೇರಿಸಿದರೆ ಉಳಿದ ಕ್ಲೈಂಟ್‌ಗಳನ್ನೆಲ್ಲ ಕಳಚಿ ನಿಮ್ಮನ್ನು ಒಳಗೆ ಬಿಡುತ್ತದೆ.

ಈಗ ಎರಡನೇ ಪ್ರಶ್ನೆ, ಲಾಗೌಟ್ ಆದರೆ ಟಿಮಕ್ಸ್ ಸಾಯುವುದು. ಇದು ಟಿಮಕ್ಸ್ ದೋಷ ಅಲ್ಲ. ಲಿನಕ್ಸ್‌ನಲ್ಲಿ ಸರ್ವಿಸ್, ಲಾಗಿನ್‌ಗಳನ್ನು ನಿಭಾಯಿಸುವ ಸಿಸ್ಟಮ್‌ಡಿಯ 230ನೇ ಆವೃತ್ತಿ 2016ರಲ್ಲಿ ಬಂದಾಗ ಕಿಲ್‌ಯೂಸರ್‌ಪ್ರೋಸೆಸಸ್ ಎಂಬ ಆಯ್ಕೆಯನ್ನು ಡಿಫಾಲ್ಟ್ ಆಗಿ ಆನ್ ಮಾಡಿದರು. ಬಳಕೆದಾರ ಲಾಗೌಟ್ ಆದರೆ ಅವನ ಸೆಷನ್‌ನಲ್ಲಿ ಹುಟ್ಟಿದ ಎಲ್ಲ ಪ್ರೋಸೆಸ್‌ಗಳನ್ನೂ ಕೊಲ್ಲು ಅಂತ. ಆಗ ದೊಡ್ಡ ಗಲಾಟೆಯೇ ಆಯಿತು, ಡೆಬಿಯನ್, ಉಬುಂಟು, ಫೆಡೋರಾ ಎಲ್ಲ ತಮ್ಮಲ್ಲಿ ಅದನ್ನು ಆಫ್ ಮಾಡಿಯೇ ಕೊಡುತ್ತಾರೆ. ನಿಮ್ಮ ಗ್ರಾಹಕರ ಯಂತ್ರದಲ್ಲಿ ಯಾರೋ ಬೇಕೆಂದೇ ಆನ್ ಮಾಡಿರಬಹುದು. ಲಾಗಿನ್‌ಡಿ.ಕಾನ್ಫ್ ಫೈಲ್ ನೋಡಿ.

ಅದನ್ನು ಬದಲಿಸುವ ಅಧಿಕಾರ ನಿಮಗಿಲ್ಲದಿದ್ದರೆ ಎರಡು ಕೆಲಸ ಒಟ್ಟಿಗೆ ಆಗಬೇಕು. "ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್" ಕೊಟ್ಟರೆ ನೀವು ಲಾಗೌಟ್ ಆದ ಮೇಲೂ ನಿಮ್ಮ ಹೆಸರಿನ ಸಿಸ್ಟಮ್‌ಡಿ ಮ್ಯಾನೇಜರ್ ಜೀವಂತ ಇರುತ್ತದೆ. ಟಿಮಕ್ಸನ್ನು "ಸಿಸ್ಟಮ್‌ಡಿ-ರನ್ --ಸ್ಕೋಪ್ --ಯೂಸರ್" ಮೂಲಕ ಶುರು ಮಾಡಿದರೆ ಅದು ಆ ಮ್ಯಾನೇಜರ್‌ನ ಅಡಿಗೆ ಬರುತ್ತದೆ. ಲಿಂಗರ್ ಒಂದನ್ನೇ ಮಾಡಿ "ಕೆಲಸ ಮಾಡ್ತಿಲ್ಲ" ಅನ್ನುವವರು ತುಂಬಾ ಜನ. ಟಿಮಕ್ಸ್ ಇನ್ನೂ ಲಾಗಿನ್ ಸೆಷನ್ ಒಳಗೇ ಹುಟ್ಟಿದ್ದರೆ ಲಿಂಗರ್ ಅದನ್ನು ಕಾಯುವುದಿಲ್ಲ.

ತುಂಗಾತೀರ

ರೀಬೂಟ್ ಪ್ರಶ್ನೆಗೆ ನಾನು ಬಳಸುವುದು ಹೇಳುತ್ತೇನೆ. ಟಿಮಕ್ಸ್ ಪ್ಲಗಿನ್ ಮ್ಯಾನೇಜರ್ ಹಾಕಿ, ಅದರ ಮೂಲಕ ರಿಸರೆಕ್ಟ್ ಮತ್ತು ಕಂಟಿನ್ಯುಯಮ್ ಎರಡು ಪ್ಲಗಿನ್. ರಿಸರೆಕ್ಟ್‌ನಲ್ಲಿ ಪ್ರಿಫಿಕ್ಸ್ (ಟಿಮಕ್ಸ್ ಆಜ್ಞೆಗೆ ಮೊದಲು ಒತ್ತುವ ಕೀ, ಡಿಫಾಲ್ಟ್ ಕಂಟ್ರೋಲ್-ಬಿ) ಆದ ಮೇಲೆ ಕಂಟ್ರೋಲ್-ಎಸ್ ಒತ್ತಿದರೆ ಉಳಿಸುತ್ತದೆ, ಕಂಟ್ರೋಲ್-ಆರ್ ಒತ್ತಿದರೆ ಮರಳಿ ಕಟ್ಟುತ್ತದೆ. ಯಾವ ಸೆಷನ್, ಯಾವ ವಿಂಡೋ, ಪೇನ್‌ಗಳ ಅಳತೆ, ಪ್ರತಿ ಪೇನ್ ಯಾವ ಡೈರೆಕ್ಟರಿಯಲ್ಲಿತ್ತು, ಎಲ್ಲ ಬರುತ್ತದೆ. ಕಂಟಿನ್ಯುಯಮ್ ಇದನ್ನೇ 15 ನಿಮಿಷಕ್ಕೊಮ್ಮೆ ತಾನಾಗಿ ಉಳಿಸುತ್ತದೆ. ಅದರ ರಿಸ್ಟೋರ್ ಆಯ್ಕೆ ಆನ್ ಮಾಡಿದರೆ ಟಿಮಕ್ಸ್ ಸರ್ವರ್ ಮೊದಲ ಸಲ ಏಳುವಾಗ ಕೊನೆಯದನ್ನು ತಾನೇ ಕಟ್ಟಿಕೊಡುತ್ತದೆ.

ಪ್ರೋಗ್ರಾಮ್‌ಗಳಲ್ಲಿ ವಿಮ್, ಲೆಸ್, ಟೇಲ್, ಟಾಪ್ ಥರದ ಕೆಲವನ್ನು ಮಾತ್ರ ಅದು ಮತ್ತೆ ಓಡಿಸುತ್ತದೆ. ಬೇರೆ ಬೇಕಾದರೆ ನಾವೇ ಹೆಸರು ಸೇರಿಸಬೇಕು. ವಿಮ್‌ನಲ್ಲಿ ತೆರೆದಿದ್ದ ಫೈಲ್‌ಗಳೂ ಬರಬೇಕಾದರೆ ಸ್ಟ್ರಾಟಜಿ ಆಯ್ಕೆಗೆ "ಸೆಷನ್" ಅಂತ ಕೊಟ್ಟು, ವಿಮ್ ಸೆಷನ್ ಫೈಲ್ ಬರೆಯುವಂತೆ ನೋಡಿಕೊಳ್ಳಬೇಕು. ಪೇನ್‌ನಲ್ಲಿದ್ದ ಬರಹ ಉಳಿಸುವ ಆಯ್ಕೆಯೂ ಇದೆ.

ನನಗಂತೂ ಇದು ಸಾಕಾಗಿದೆ. ಬೆಳಗ್ಗೆ ಯಂತ್ರ ಏಳಿಸಿದರೆ ಎಲ್ಲ ಪ್ರಾಜೆಕ್ಟ್ ಅದರದರ ಜಾಗದಲ್ಲಿ.

ಮೈಸೂರು ಸಿಸ್‌ಅಡ್ಮಿನ್

ತುಂಗಾತೀರದವರೇ, ನಿಮ್ಮ ಸ್ವಂತ ಯಂತ್ರಕ್ಕೆ ಇದು ಸರಿ. ಗ್ರಾಹಕರ ಸರ್ವರ್‌ನಲ್ಲಿ ಹಾಕುವ ಮೊದಲು ಎರಡು ಸಲ ಯೋಚಿಸಿ ಅನ್ನುತ್ತೇನೆ.

ಪ್ರೋಸೆಸ್ ಪಟ್ಟಿಗೆ "ಆಲ್" ಅಂತ ಕೊಟ್ಟು ಎಲ್ಲವನ್ನೂ ಮತ್ತೆ ಓಡಿಸು ಅನ್ನುವ ಸಲಹೆ ಅಂತರ್ಜಾಲದ ತುಂಬ ಇದೆ. ಒಂದು ಪೇನ್‌ನಲ್ಲಿ ಡೇಟಾಬೇಸ್ ಮೈಗ್ರೇಷನ್ ಸ್ಕ್ರಿಪ್ಟ್ ಅರ್ಧ ಓಡಿದ್ದಾಗ ಯಂತ್ರ ಬಿತ್ತು ಎಂದುಕೊಳ್ಳಿ. ಎದ್ದ ಮೇಲೆ ಯಾರೂ ಕೇಳದೆ ಅದೇ ಸ್ಕ್ರಿಪ್ಟ್ ಮೊದಲಿನಿಂದ ಓಡುತ್ತದೆ. ಇದು ಆಗಬಾರದ ಕೆಲಸ. ಈ ವಿಷಯದಲ್ಲಿ ಟಿಮಕ್ಸ್ ಥರದ್ದೇ ಆದ ಜೆಲಿಜ್ ನನಗೆ ಇಷ್ಟ: ಅದು ಹಳೆಯ ಆಜ್ಞೆಯನ್ನು ಪೇನ್‌ನಲ್ಲಿ ತೋರಿಸಿ, ಎಂಟರ್ ಒತ್ತಿದ ಮೇಲೆಯೇ ಓಡಿಸುತ್ತದೆ. ನಿರ್ಧಾರ ಮನುಷ್ಯನ ಕೈಯಲ್ಲಿ ಉಳಿಯುತ್ತದೆ.

ಇನ್ನೊಂದು, ರಿಸರೆಕ್ಟ್ ಬರೆಯುವುದು ಸಾದಾ ಪಠ್ಯ ಫೈಲ್. ಆಜ್ಞೆಯ ಸಾಲಿನಲ್ಲೇ ಪಾಸ್‌ವರ್ಡ್ ಕೊಟ್ಟು ಓಡಿಸಿದ್ದರೆ ಅದೂ ಡಿಸ್ಕ್‌ನಲ್ಲಿ ಕೂರುತ್ತದೆ. ಪೇನ್ ಬರಹ ಉಳಿಸುವ ಆಯ್ಕೆ ಆನ್ ಇದ್ದರೆ ಪರದೆಯಲ್ಲಿ ಕಂಡ ಟೋಕನ್, ಗ್ರಾಹಕರ ದತ್ತಾಂಶ ಎಲ್ಲವೂ. ಆ ಡೈರೆಕ್ಟರಿಯ ಅನುಮತಿ 700 (ಮಾಲೀಕನಿಗೆ ಮಾತ್ರ) ಇರಲಿ, ಬ್ಯಾಕಪ್‌ನಿಂದ ಹೊರಗಿಡಿ.

ನನ್ನ ದಾರಿ ಬೇರೆ. ಯಾವ ಪ್ರಾಜೆಕ್ಟ್‌ಗೆ ಯಾವ ವಿಂಡೋ, ಯಾವ ಡೈರೆಕ್ಟರಿ ಅನ್ನುವುದನ್ನು ಟಿಮಕ್ಸ್‌ಪಿ ಥರದ ಸಾಧನದ ಯಾಮಲ್ (ಸಾದಾ ಪಠ್ಯದ ಕಾನ್ಫಿಗ್) ಫೈಲ್‌ನಲ್ಲಿ ಬರೆದು ಗಿಟ್‌ಗೆ ಹಾಕಿಡುತ್ತೇನೆ. ರೂಬಿ ಬಳಸುವವರಿಗೆ ಟಿಮಕ್ಸಿನೇಟರ್ ಇದೆ. ರೀಬೂಟ್ ಆದರೆ ಒಂದೇ ಆಜ್ಞೆ, ಹೊಸ ಸರ್ವರ್‌ಗೆ ಹೋದರೂ ಅದೇ ಆಜ್ಞೆ. ನಿನ್ನೆ ಹೇಗಿತ್ತು ಅನ್ನುವುದಕ್ಕಿಂತ ಹೇಗಿರಬೇಕು ಅನ್ನುವುದು ಬರಹದಲ್ಲಿರುವುದು ಹೆಚ್ಚು ಗಟ್ಟಿ.

ತುಂಗಾತೀರ

ಸರ್, "ಆಲ್" ವಿಷಯ ಪೂರ್ತಿ ಒಪ್ಪುತ್ತೇನೆ. ಆದರೆ ಯಾಮಲ್ ಫೈಲ್‌ನಲ್ಲಿ ಬರೆದಿಡುವಷ್ಟು ಗಟ್ಟಿಯಾದ ವಿನ್ಯಾಸ ಎಲ್ಲರ ಕೆಲಸಕ್ಕೂ ಇರುವುದಿಲ್ಲ. ಒಂದು ದೋಷ ಹುಡುಕುತ್ತಾ ಹೋದಾಗ ಪೇನ್ ಮೇಲೆ ಪೇನ್ ತೆರೆಯುತ್ತದೆ, ಒಂದರಲ್ಲಿ ಲಾಗ್, ಒಂದರಲ್ಲಿ ಕೋರ್ ಡಂಪ್, ಒಂದರಲ್ಲಿ ಅರ್ಧ ಬರೆದ ಟಿಪ್ಪಣಿ. ಅದು ಯಾವ ಫೈಲ್‌ನಲ್ಲೂ ಮೊದಲೇ ಬರೆದಿರಲು ಸಾಧ್ಯವಿಲ್ಲ. ರಿಸರೆಕ್ಟ್ ನನಗೆ ಬೇಕಾಗುವುದು ಅಂಥ ಕಡೆಗೇ. ಪ್ರೋಸೆಸ್ ಆಯ್ಕೆಗೆ "ಫಾಲ್ಸ್" ಕೊಟ್ಟರೆ ಏನನ್ನೂ ಓಡಿಸದೆ ಆಕಾರ ಮಾತ್ರ ಕಟ್ಟುತ್ತದೆ. ಸರ್ವರ್‌ನಲ್ಲಿ ಹಾಗೆ ಇಡಬಹುದಲ್ಲ?

ಮೈಸೂರು ಸಿಸ್‌ಅಡ್ಮಿನ್

ಹಾಗಿದ್ದರೆ ನನ್ನ ತಕರಾರಿಲ್ಲ. ಒಳ್ಳೆಯ ಮಾತು.

ಸಂಶೋಧಕಿ ಬೆಂಗಳೂರು

ನನ್ನದು ಸ್ವಲ್ಪ ಬೇರೆ ಪರಿಸ್ಥಿತಿ, ಆದರೂ ಇಲ್ಲಿಗೆ ಸೇರುತ್ತದೆ. ನಾನು ಕೆಲಸ ಮಾಡುವುದು ದೊಡ್ಡ ಕಂಪ್ಯೂಟ್ ಕ್ಲಸ್ಟರ್ ಮೇಲೆ, ಮಾಡೆಲ್ ತರಬೇತಿ ದಿನಗಟ್ಟಲೆ ನಡೆಯುತ್ತದೆ. ಹೊಸದಾಗಿ ಬರುವ ವಿದ್ಯಾರ್ಥಿಗಳು ಲಾಗಿನ್ ನೋಡ್‌ನಲ್ಲಿ (ಎಲ್ಲರೂ ಮೊದಲು ಇಳಿಯುವ ಯಂತ್ರ) ಟಿಮಕ್ಸ್ ತೆರೆದು ಅದರೊಳಗೇ ಎಲ್ಲ ನಡೆಸಲು ನೋಡುತ್ತಾರೆ. ಮರುದಿನ ಬಂದರೆ "ಸೆಷನ್ ಇಲ್ಲ". ಲಾಗಿನ್ ನೋಡ್ ಒಂದಲ್ಲ, ಹಲವು ಇರುತ್ತವೆ. ಒಂದೇ ವಿಳಾಸ ಕೊಟ್ಟರೂ ಇವತ್ತು ಒಂದರಲ್ಲಿ ಇಳಿಯುತ್ತೀರಿ, ನಾಳೆ ಇನ್ನೊಂದರಲ್ಲಿ. ಹೋಮ್ ಡೈರೆಕ್ಟರಿ ಎಲ್ಲ ಕಡೆ ಒಂದೇ, ಟೆಂಪ್ ಡೈರೆಕ್ಟರಿ ಹಾಗಲ್ಲ, ಸಾಕೆಟ್ ಇರುವುದು ಆಯಾ ಯಂತ್ರದಲ್ಲಿ. ಟಿಮಕ್ಸ್ ಶುರು ಮಾಡುವಾಗ ಹೋಸ್ಟ್‌ನೇಮ್ ಬರೆದಿಟ್ಟುಕೊಂಡು ಆ ನೋಡ್‌ಗೇ ನೇರವಾಗಿ ಹೋಗಬೇಕು.

ಅದಕ್ಕಿಂತ ಮುಖ್ಯವಾದದ್ದು: ದೊಡ್ಡ ಕೆಲಸ ಟಿಮಕ್ಸ್‌ನ ಮೇಲೆ ನಿಂತಿರಲೇಬಾರದು. ಕ್ಲಸ್ಟರ್‌ನಲ್ಲಿ ಕೆಲಸಗಳನ್ನು ಸರದಿಯಲ್ಲಿ ಓಡಿಸುವ ಸ್ಲರ್ಮ್ ಇದ್ದರೆ ಅದರ ಎಸ್‌ಬ್ಯಾಚ್ ಆಜ್ಞೆಯ ಮೂಲಕ ಕೊಡಿ, ಪ್ರೋಗ್ರಾಮೇ ಆಗಾಗ ಚೆಕ್‌ಪಾಯಿಂಟ್ (ಆವರೆಗಿನ ಸ್ಥಿತಿ) ಬರೆಯಲಿ, ಎದ್ದಾಗ ಕೊನೆಯ ಚೆಕ್‌ಪಾಯಿಂಟ್‌ನಿಂದ ಮುಂದುವರಿಯಲಿ. ನೋಡ್ ಕೆಟ್ಟರೂ, ಸಮಯದ ಮಿತಿ ಮುಗಿದರೂ ನಷ್ಟ ಸ್ವಲ್ಪವೇ. ಟಿಮಕ್ಸ್ ನನಗೆ ಲಾಗ್ ನೋಡುವ ಕಿಟಕಿ ಮಾತ್ರ.

ಕುಡ್ಲ ಟರ್ಮಿನಲ್

ಮೇಡಂ ಹೇಳಿದ್ದು ಕ್ಲಸ್ಟರ್ ಇಲ್ಲದವರಿಗೂ ಅನ್ವಯಿಸುತ್ತದೆ. ಸಾದಾ ಸರ್ವರ್‌ನಲ್ಲಿ ಆ ಜಾಗಕ್ಕೆ ಸಿಸ್ಟಮ್‌ಡಿ ಉಂಟು. ದಿನವಿಡೀ ಓಡಬೇಕಾದದ್ದು ಯಾವುದಾದರೂ ಟಿಮಕ್ಸ್ ಪೇನ್‌ನಲ್ಲಿ ಓಡುತ್ತಿದ್ದರೆ ಅದನ್ನು ಯೂಸರ್ ಸರ್ವಿಸ್ ಮಾಡಿ, ಲಿಂಗರ್ ಆನ್ ಮಾಡಿ, ರೀಬೂಟ್ ಆದ ಮೇಲೆ ತಾನಾಗಿ ಏಳುತ್ತದೆ, ಲಾಗ್ ಜರ್ನಲ್‌ನಲ್ಲಿ ಸಿಗುತ್ತದೆ. ದೊಡ್ಡ ಫೈಲ್ ಸಾಗಿಸುವುದಾದರೆ ಆರ್‌ಸಿಂಕ್‌ಗೆ --ಪಾರ್ಷಿಯಲ್, ವಿಗೆಟ್‌ಗೆ -ಸಿ. ಅರ್ಧಕ್ಕೆ ನಿಂತರೆ ಅಲ್ಲಿಂದ ಮುಂದೆ.

ಶೆಲ್ ಹಿಸ್ಟರಿ ಬಗ್ಗೆಯೂ ನೋಡಿ. ಬ್ಯಾಶ್ ಅದನ್ನು ಬರೆಯುವುದು ಶೆಲ್ ಮುಗಿಯುವಾಗ. ಕರೆಂಟ್ ಹೋಗಿ ಯಂತ್ರ ನಿಂತರೆ ಆ ದಿನ ಕೊಟ್ಟ ಆಜ್ಞೆಗಳೆಲ್ಲ ಹೋಯಿತು. ಪ್ರಾಂಪ್ಟ್‌ಕಮಾಂಡ್‌ನಲ್ಲಿ "ಹಿಸ್ಟರಿ -ಎ" ಹಾಕಿದರೆ (ಇಲ್ಲಿ ಸಣ್ಣಕ್ಷರದ ಎ) ಪ್ರತಿ ಆಜ್ಞೆಯೂ ಕೂಡಲೇ ಫೈಲ್‌ಗೆ ಇಳಿಯುತ್ತದೆ. ನನ್ನ ಅನುಭವದಲ್ಲಿ ರೀಬೂಟ್ ಆದ ಮೇಲೆ ಪೇನ್‌ಗಳ ಆಕಾರಕ್ಕಿಂತ ಈ ಹಿಸ್ಟರಿಯೇ ಹೆಚ್ಚು ಉಪಯೋಗಕ್ಕೆ ಬಂದದ್ದು.

ಧಾರವಾಡ ಪೇಢಾ

ಓಡೂ ಪ್ರೋಸೆಸ್ಸನ್ನ ಹಂಗ ಡಿಸ್ಕಿಗೆ ಇಳಿಸಿ ರೀಬೂಟ್ ಆದಮ್ಯಾಲೆ ಮತ್ತ ಎಬ್ಬಸಾಕ ಬರೂದಿಲ್ಲೇನ್ರಿ? ಕ್ರಿಯು ಅಂತ ಒಂದು ಐತೆಲ್ಲಾ.

ಮೈಸೂರು ಸಿಸ್‌ಅಡ್ಮಿನ್

ಇದೆ. ಓಪನ್‌ವಿಜೆಡ್ ಬಳಗದಲ್ಲಿ ಹುಟ್ಟಿದ ಯೋಜನೆ, ಕಂಟೇನರ್‌ಗಳನ್ನು ಯಂತ್ರದಿಂದ ಯಂತ್ರಕ್ಕೆ ಸಾಗಿಸಲು ಮಾಡಿದ್ದು. ಟಿಮಕ್ಸ್ ಮತ್ತು ಅದರ ಕೆಳಗಿನ ಎಲ್ಲ ಪ್ರೋಸೆಸ್‌ಗಳನ್ನು ಡಿಸ್ಕ್‌ಗೆ ಇಳಿಸುವುದು ಹೇಳಿದಷ್ಟು ಸಲೀಸಲ್ಲ. ಮರಳಿ ಎಬ್ಬಿಸುವಾಗ ಅದೇ ಪ್ರೋಸೆಸ್ ಸಂಖ್ಯೆಗಳು ಖಾಲಿ ಇರಬೇಕು, ತೆರೆದಿದ್ದ ಫೈಲ್‌ಗಳು ಇದ್ದಂತೆಯೇ ಇರಬೇಕು, ಹೊರಗಿನ ಸಂಪರ್ಕಗಳ ಆಚೆ ಬದಿ ಇನ್ನೂ ಕಾಯುತ್ತಿರಬೇಕು. ದಿನನಿತ್ಯದ ಬಳಕೆಗೆ ನಾನು ಹೇಳುವುದಿಲ್ಲ.

ನಿಜವಾಗಿ ಓಡುತ್ತಿರುವ ಸೆಷನ್ ಉಳಿಯಲೇಬೇಕಾದರೆ ಟಿಮಕ್ಸನ್ನು ವರ್ಚುವಲ್ ಯಂತ್ರದೊಳಗೆ ಇಡಿ. ಅಂಥ ಯಂತ್ರಗಳನ್ನು ನಿಭಾಯಿಸುವ ಲಿಬ್‌ವರ್ಟ್ ಬಳಸುವವರಿಗೆ ಲಿಬ್‌ವರ್ಟ್-ಗೆಸ್ಟ್ಸ್ ಅನ್ನುವ ಸರ್ವಿಸ್ ಇದೆ. ಆನ್‌ಶಟ್‌ಡೌನ್ ಆಯ್ಕೆಗೆ ಸಸ್ಪೆಂಡ್ ಕೊಟ್ಟರೆ, ಹೋಸ್ಟ್ ರೀಬೂಟ್ ಆಗುವಾಗ ಒಳಗಿನ ಯಂತ್ರದ ಮೆಮೊರಿಯನ್ನು ಡಿಸ್ಕ್‌ಗೆ ಬರೆದು, ಎದ್ದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತದೆ. ಟಿಮಕ್ಸ್‌ಗೆ ರೀಬೂಟ್ ಆದದ್ದು ಗೊತ್ತೇ ಆಗುವುದಿಲ್ಲ. ಒಳಗಿನ ಯಂತ್ರದ ಕರ್ನಲ್ ಬದಲಾಗಬೇಕಾದಾಗ ಮಾತ್ರ ಇದು ನಡೆಯದು. ಕರೆಂಟ್ ಒಮ್ಮೆಲೇ ಹೋದರೂ ನಡೆಯದು, ಬರೆಯಲು ಸಮಯ ಬೇಕಲ್ಲ, ಅದಕ್ಕೆ ಯುಪಿಎಸ್ ಇರಬೇಕು.

ಘಟ್ಟದ ಮೇಲಿನವ

ಎಲ್ಲರಿಗೂ ತುಂಬಾ ಧನ್ಯವಾದ. ಮೋಶ್ ಹಾಕಿದೆ, ಹಾಟ್‌ಸ್ಪಾಟ್‌ಗೆ ಬದಲಾಯಿಸಿದಾಗ ಪರದೆ ಹಾಗೇ ಉಳಿಯಿತು. ಗ್ರಾಹಕರ ಯಂತ್ರದಲ್ಲಿ ಕಿಲ್‌ಯೂಸರ್‌ಪ್ರೋಸೆಸಸ್ ಯೆಸ್ ಎಂದೇ ಇತ್ತು, ಸ್ಕೋಪ್ ಮತ್ತು ಲಿಂಗರ್ ಎರಡೂ ಮಾಡಿದ ಮೇಲೆ ಸೆಷನ್ ನಿಲ್ಲುತ್ತಿದೆ.

ಮನೆಯ ಯಂತ್ರಕ್ಕೆ ರಿಸರೆಕ್ಟ್, ಕಂಟಿನ್ಯುಯಮ್ ಹಾಕಿದೆ. ಕೈಯಲ್ಲಿ ಉಳಿಸಿದರೆ ಉಳಿಯುತ್ತದೆ, 15 ನಿಮಿಷದ ಸ್ವಯಂ ಉಳಿಕೆ ಮಾತ್ರ ಆಗುತ್ತಲೇ ಇಲ್ಲ. ಯಾಕಿರಬಹುದು?

ತುಂಗಾತೀರ

ಥೀಮ್ ಪ್ಲಗಿನ್ ಏನಾದರೂ ಹಾಕಿದ್ದೀರಾ? ಕಂಟಿನ್ಯುಯಮ್‌ಗೆ ತನ್ನದೇ ಗಡಿಯಾರ ಇಲ್ಲ. ಸ್ಟೇಟಸ್ ಸಾಲಿನ ಬಲಭಾಗದಲ್ಲಿ ಒಂದು ಸ್ಕ್ರಿಪ್ಟ್ ಸೇರಿಸಿ, ಆ ಸಾಲು ಹೊಸದಾಗಿ ಬರೆಯಲ್ಪಟ್ಟಾಗಲೆಲ್ಲ "15 ನಿಮಿಷ ಆಯಿತೇ" ಅಂತ ನೋಡುತ್ತದೆ. ಥೀಮ್ ಬಂದು ಸ್ಟೇಟಸ್-ರೈಟ್ ಬದಲಿಸಿದರೆ ಆ ಸ್ಕ್ರಿಪ್ಟ್ ಅಳಿಸಿಹೋಗುತ್ತದೆ. ಪ್ಲಗಿನ್ ಪಟ್ಟಿಯಲ್ಲಿ ಕಂಟಿನ್ಯುಯಮ್ ಸಾಲನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ. ಸ್ಟೇಟಸ್ ಸಾಲನ್ನೇ ಆಫ್ ಮಾಡಿಕೊಂಡವರಿಗೂ ಇದೇ ತೊಂದರೆ.

ಉಳಿಸುತ್ತಿರುವಾಗಲೇ ಕರೆಂಟ್ ಹೋದರೆ ಕೊನೆಯ ಫೈಲ್ ಖಾಲಿಯಾಗಿ ಉಳಿಯಬಹುದು, ಆಗ ಕಂಟ್ರೋಲ್-ಆರ್ ಒತ್ತಿದರೆ ಏನೂ ಬರುವುದಿಲ್ಲ. ಗಾಬರಿ ಬೇಡ. ರಿಸರೆಕ್ಟ್ ಡೈರೆಕ್ಟರಿಯಲ್ಲಿ ದಿನಾಂಕ ಹೊತ್ತ ಹಳೆಯ ಫೈಲ್‌ಗಳು ಇರುತ್ತವೆ, "ಲಾಸ್ಟ್" ಅನ್ನುವುದು ಅವುಗಳಲ್ಲಿ ಒಂದಕ್ಕೆ ತೋರಿಸುವ ಕೊಂಡಿ ಅಷ್ಟೇ. ಅದನ್ನು ಸರಿಯಾದ ಹಿಂದಿನ ಫೈಲ್‌ಗೆ ತಿರುಗಿಸಿ ಮತ್ತೆ ಒತ್ತಿ.

ಘಟ್ಟದ ಮೇಲಿನವ

ಅದೇ ಕಾರಣ. ಥೀಮ್ ಕೆಳಗಿತ್ತು, ಮೇಲಕ್ಕೆ ತಂದೆ, ಈಗ ಉಳಿಯುತ್ತಿದೆ. ಕೊನೆಯದಾಗಿ ಒಂದು: ನಿನ್ನೆ ಸರ್ವರ್‌ನಲ್ಲಿ ಪ್ಯಾಕೇಜ್ ಅಪ್‌ಗ್ರೇಡ್ ಆಯಿತು, ರೀಬೂಟ್ ಇಲ್ಲ. ಈಗ ಅಟ್ಯಾಚ್ ಮಾಡಲು ಹೋದರೆ ಪ್ರೋಟೋಕಾಲ್ ಆವೃತ್ತಿ ಹೊಂದುತ್ತಿಲ್ಲ ಅಂತ ಬರುತ್ತಿದೆ. ಒಳಗೆ ಕೆಲಸ ನಡೆಯುತ್ತಲೇ ಇದೆ, ನೋಡಲು ಆಗುತ್ತಿಲ್ಲ.

ಮೈಸೂರು ಸಿಸ್‌ಅಡ್ಮಿನ್

ಸರ್ವರ್ ಪ್ರೋಸೆಸ್ ಹಳೆಯ ಟಿಮಕ್ಸ್, ನೀವು ಕೊಡುತ್ತಿರುವ ಆಜ್ಞೆ ಹೊಸದು. ಹಳೆಯ ಬೈನರಿ ಡಿಸ್ಕ್‌ನಿಂದ ಅಳಿಸಿದ್ದರೂ ಓಡುತ್ತಿರುವ ಪ್ರೋಸೆಸ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. "ಪಿಗ್ರೆಪ್ ಟಿಮಕ್ಸ್" ಕೊಟ್ಟು ಸರ್ವರ್‌ನ ಸಂಖ್ಯೆ ತೆಗೆದುಕೊಳ್ಳಿ. ಪ್ರೋಕ್ ಡೈರೆಕ್ಟರಿಯೊಳಗೆ ಆ ಸಂಖ್ಯೆಯ ಡೈರೆಕ್ಟರಿ, ಅದರೊಳಗೆ ಎಕ್ಸಿ ಅನ್ನುವ ಕೊಂಡಿ ಇರುತ್ತದೆ. ಅದನ್ನೇ ಆಜ್ಞೆಯಾಗಿ ಬಳಸಿ, ಮುಂದೆ ಅಟ್ಯಾಚ್ ಅಂತ ಕೊಡಿ. ಹಳೆಯ ಬೈನರಿಯೇ ಕ್ಲೈಂಟ್ ಆಗಿ ಓಡಿ ಒಳಗೆ ಬಿಡುತ್ತದೆ.

ಇದೇ ಜಾತಿಯ ಇನ್ನೊಂದು ತೊಂದರೆ, ಸೆಷನ್ ಇದ್ದರೂ "ಸರ್ವರ್ ಇಲ್ಲ" ಅನ್ನುವುದು. ಟೆಂಪ್ ಸ್ವಚ್ಛ ಮಾಡುವ ಯಾವುದೋ ಸ್ಕ್ರಿಪ್ಟ್ ಸಾಕೆಟ್ ಅಳಿಸಿರುತ್ತದೆ. ಟಿಮಕ್ಸ್ ಸರ್ವರ್ ಪ್ರೋಸೆಸ್‌ಗೆ ಯುಎಸ್‌ಆರ್1 ಸಿಗ್ನಲ್ ಕಳಿಸಿದರೆ ಸಾಕೆಟ್ ಮತ್ತೆ ಹುಟ್ಟುತ್ತದೆ. ನಿಮ್ಮಲ್ಲಿ ಈಗ ಆಗಿರುವುದು ಮೊದಲನೆಯದು. ಒಳಗೆ ಹೋಗಿ, ನಡೆಯುತ್ತಿರುವ ಕೆಲಸ ಮುಗಿಯಲು ಬಿಡಿ, ಆಮೇಲೆ ಕಿಲ್-ಸರ್ವರ್ ಕೊಟ್ಟು ಹೊಸ ಆವೃತ್ತಿಯಲ್ಲಿ ಶುರು ಮಾಡಿ.